ಕೀಲೆಣ್ಣೆಯ ಅಪ್‌ಡೇಟ್ ಯಾವಾಗ ಬರುತ್ತದೆ ಸ್ವಾಮಿ?

ವಿದ್ಯುತ್ ಕಾರು ಕಂಪನಿಯ ಗ್ರಾಹಕ ಸಂತೃಪ್ತಿ ವಿಭಾಗದ ಮಹನೀಯರಿಗೆ,

ರಾಯಚೂರಿನಿಂದ ನಿಮ್ಮ ಅತೃಪ್ತ ಗ್ರಾಹಕನ ನಮಸ್ಕಾರಗಳು.

ಕಾರು ಮಾರುವಾಗ ‘ಸದ್ದೇ ಇಲ್ಲದ ಸವಾರಿ’ ಅಂದಿದ್ದಿರಿ. ಸುಳ್ಳು ಹೇಳಿಲ್ಲ. ಕಾರು ಎಷ್ಟು ನಿಶ್ಶಬ್ದವೆಂದರೆ, ನಮ್ಮೂರ ತೀನ್ ಕಂದೀಲ್ ಹತ್ತಿರ ಸ್ಟೇರಿಂಗ್ ತಿರುಗಿಸಿದಾಗ ಏಳುವ ‘ಕಿರ್ರ್’ ದಾರಿಹೋಕರನ್ನೂ ನಿಂತು ನೋಡುವಂತೆ ಮಾಡುತ್ತದೆ. ಹಳೆಯ ಡೀಸೆಲ್ ಜೀಪಿನ ಸ್ಟೇರಿಂಗ್ ಕೂಡ ಕೂಗುತ್ತಿತ್ತು. ಎಂಜಿನ್ ಅದಕ್ಕೆ ಬಾಯಿ ತೆರೆಯಲು ಬಿಡುತ್ತಿರಲಿಲ್ಲ, ಅಷ್ಟೆ. ಎಂಜಿನ್ನನ್ನು ನೀವು ತೆಗೆದಿರಿ. ಈಗ ಗಾಡಿಯ ಒಂದೊಂದು ರಬ್ಬರು, ಒಂದೊಂದು ಪ್ಲಾಸ್ಟಿಕ್ಕೂ ತನ್ನ ಅಹವಾಲು ಹೇಳಿಕೊಳ್ಳುತ್ತಿದೆ.

ದೂರು ಕೊಟ್ಟೆ. ನಿಮ್ಮ ಹುಡುಗರು ಲ್ಯಾಪ್‌ಟಾಪ್ ಜೋಡಿಸಿದರು. “ಎರರ್ ಕೋಡ್ ಏನೂ ತೋರಿಸ್ತಿಲ್ಲ ಸರ್” ಎಂದರು. ಕೋಡ್ ಇಲ್ಲದ ಮೇಲೆ ಸದ್ದೂ ಇಲ್ಲ ಎಂಬುದು ಅವರ ತರ್ಕ; ಸದ್ದು ಮಾತ್ರ ಅಲ್ಲೇ ಕೂಗುತ್ತಿತ್ತು. ಆಮೇಲೆ ಸಾಫ್ಟ್‌ವೇರ್ ಅಪ್‌ಡೇಟ್ ಆಯಿತು. ಪರದೆಯ ಮೇಲಿನ ಚಿತ್ರಗಳು ಚೌಕದಿಂದ ದುಂಡಗಾದವು, ಕಿರ್ರ್ ಇದ್ದಂತೆಯೇ ಇತ್ತು. ಕೊನೆಗೆ ತುಕ್ಕು ಬಿಡಿಸುವ ಸ್ಪ್ರೇಯನ್ನು ಎಲ್ಲೋ ಒಂದು ಕಡೆ ಹೊಡೆದು, “ಇದು ಗಾಡಿಯ ಸಹಜ ಗುಣ ಸರ್” ಎಂಬ ತೀರ್ಪು ಕೊಟ್ಟು ಕಳಿಸಿದರು. ಮನುಷ್ಯರ ಸಹಜ ಗುಣಗಳನ್ನೇ ಸಹಿಸಿಕೊಂಡು ಬದುಕುತ್ತಿದ್ದೇವೆ, ಈಗ ಗಾಡಿಯದೂ ಸೇರಿತು.

ನೀವು ಕಾರನ್ನು ಹಿಮದಲ್ಲಿ ಓಡಿಸಿ ಪರೀಕ್ಷಿಸಿದ ವಿಡಿಯೊ ನೋಡಿದ್ದೇನೆ. ಬಹಳ ಚೆಂದ. ಒಂದು ಸಲ ಏಪ್ರಿಲ್ ತಿಂಗಳ ಮಧ್ಯಾಹ್ನ ಗಬ್ಬೂರು ದಾಟಿ ದೇವದುರ್ಗಕ್ಕೆ, ಉಸುಕಿನ ಟಿಪ್ಪರ್ ಹಿಂದೆ ಓಡಿಸಿ ನೋಡಿ. ಇಲ್ಲವೇ ಸುಗ್ಗಿಯಲ್ಲಿ ಮಾನ್ವಿ ರಸ್ತೆಗೆ ಬನ್ನಿ, ಭತ್ತದ ಹೊಟ್ಟು ಗಾಳಿಯಲ್ಲೇ ಇರುತ್ತದೆ. ನಿಮ್ಮ ಕಾರು ಕುಡಿಯುವ ಕರೆಂಟಿಗೆ ನಮ್ಮ ಜಿಲ್ಲೆ ತವರುಮನೆ. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಎಂಟು ಘಟಕ, 1720 ಮೆಗಾವ್ಯಾಟ್. ಕರೆಂಟು ತಂತಿ ಹಿಡಿದು ನಾಡೆಲ್ಲ ಹೋಗುತ್ತದೆ, ಬೂದಿ ಮಾತ್ರ ಊರಲ್ಲೇ ಉಳಿಯುತ್ತದೆ.

ರೋಗ ಪತ್ತೆಯಾದದ್ದು ಮಾನ್ವಿಯಲ್ಲಿ, ಟ್ರ್ಯಾಕ್ಟರ್ ರಿಪೇರಿಯ ಒಂದು ತಗಡಿನ ಶೆಡ್ಡಿನಲ್ಲಿ. ಅಲ್ಲಿನ ಉಸ್ತಾದರ ಹತ್ತಿರ ಲ್ಯಾಪ್‌ಟಾಪ್ ಇಲ್ಲ, ಕಿವಿ ಇದೆ. ಗಾಡಿ ಆನ್ ಮಾಡಿಸಿ, ನಿಂತಲ್ಲೇ ಸ್ಟೇರಿಂಗನ್ನು ಮೆಲ್ಲಗೆ ತಿರುಗಿಸಲು ಹುಡುಗನಿಗೆ ಹೇಳಿದರು. ನಿಂತಾಗಲೂ ಕೂಗಿತು, ಅಂದರೆ ಗಾಲಿಯ ಬೇರಿಂಗ್ ನಿರ್ದೋಷಿ. ಜಾಕ್ ಕೊಟ್ಟು ಮುಂದಿನ ಗಾಲಿಗಳನ್ನು ನೆಲದಿಂದ ಎತ್ತಿದರು. ಆಗಲೂ ಕೂಗಿತು, ಟೈರು ನೆಲಕ್ಕೆ ಉಜ್ಜುವ ಸದ್ದೂ ಅಲ್ಲ. ಗಾಲಿ ಇಳಿಸಿ ಸ್ಪ್ರಿಂಗಿನ ಮೇಲೆ ಅಂಗೈ ಇಟ್ಟರು. ಅದು ಜಗ್ಗಲಿಲ್ಲ, ನಡುಗಲಿಲ್ಲ. ಮೇಲಿನ ಬೇರಿಂಗ್ ಚೆನ್ನಾಗಿತ್ತು. ಸ್ಟೇರಿಂಗ್ ಚಕ್ರದ ಹಿಂದೆ ಏರ್‌ಬ್ಯಾಗಿನ ಸುರುಳಿ ತಂತಿ ಇರುತ್ತದೆಂದು ಹುಡುಗ ಜಾಣತನ ತೋರಿಸಿದ. “ಅದು ಸವೆದ್ರ ಕಾಗದ ಉಜ್ಜಿದಂಗ ಕೇಳ್ತದ. ಅದನ್ನ ಮುಟ್ಟಬ್ಯಾಡ, ಏರ್‌ಬ್ಯಾಗು ಮುಖಕ್ಕ ಬಡಿತದ” ಎಂದು ಗದರಿಸಿದರು. ಈ ಒಂದು ಮಾತಿಗಾದರೂ ನೀವು ಅವರನ್ನು ತರಬೇತಿ ವಿಭಾಗಕ್ಕೆ ಕರೆಸಿಕೊಳ್ಳಬೇಕು.

ಆಮೇಲೆ ಅವರೇ ಪೆಡಲ್‌ಗಳ ಹತ್ತಿರ ತಲೆ ತೂರಿಸಿ ಮಲಗಿದರು. ಸ್ಟೇರಿಂಗ್ ರಾಡ್ ತಗಡಿನ ಗೋಡೆ ದಾಟಿ ಹೊರಹೋಗುವ ಕಡೆ, ಧೂಳು ನೀರು ಒಳಗೆ ಬರದಿರಲೆಂದು ಒಂದು ರಬ್ಬರ್ ಬೂಟು ಇರುತ್ತದೆ. ಧೂಳು ತಡೆಯಲು ಇಟ್ಟದ್ದು ಧೂಳು ತಿಂದೇ ಒಣಗಿತ್ತು. “ಸಾಹೇಬ್ರ, ಇದು ಬ್ಯಾಟರಿ ರೋಗ ಅಲ್ರಿ. ರಬ್ಬರ್ ಒಣಗ್ಯಾದ, ರಾಡಿಗೆ ತಿಕ್ಕಲಾಕತ್ತದ.” ಒರೆಸಿ, ಬೆರಳ ತುದಿಯಷ್ಟು ಸಿಲಿಕಾನ್ ಗ್ರೀಸ್ ಸವರಿದರು. ನಿಮ್ಮ ಹುಡುಗರ ಸ್ಪ್ರೇ ಇದ್ದಬದ್ದ ಜಿಡ್ಡನ್ನೂ ತೊಳೆದುಹಾಕುತ್ತದೆ, ಟ್ರ್ಯಾಕ್ಟರಿನ ಸಾದಾ ಗ್ರೀಸ್ ಹಚ್ಚಿದರೆ ಕೆಲವು ರಬ್ಬರುಗಳು ಉಬ್ಬುತ್ತವೆ ಎಂಬ ಪಾಠವೂ ಆಯಿತು. ಚಹಾ ಬರುವಷ್ಟರಲ್ಲಿ ಸ್ಟೇರಿಂಗ್ ಮೂಕವಾಗಿತ್ತು.

ನಮ್ಮ ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ ಒಂದು ಕಲ್ಲಿದೆ, ನಲವತ್ತು ಅಡಿಗೂ ಉದ್ದ. ಆ ಬಂಡೆಯನ್ನು ಬಂಡಿಯ ಮೇಲೆ ಹೇರಿ ಎಳೆದು ತಂದದ್ದರ ಚಿತ್ರವನ್ನೂ ಗೋಡೆಯಲ್ಲಿ ಕೊರೆದಿದ್ದಾರೆ. ಅಷ್ಟು ಭಾರ ಹೊತ್ತ ಅಚ್ಚಿಗೆ ದಾರಿಯುದ್ದಕ್ಕೂ ಯಾರೋ ಕೀಲೆಣ್ಣೆ ಹಾಕಿರಲೇಬೇಕು. ‘ಎರರ್ ಕೋಡ್ ಇಲ್ಲ, ಎಳೀರಿ’ ಅಂದಿದ್ದರೆ ಕಲ್ಲು ಇನ್ನೂ ಗುಡ್ಡದಲ್ಲೇ ಇರುತ್ತಿತ್ತು.

ನನ್ನ ಬೇಡಿಕೆ ದೊಡ್ಡದಲ್ಲ. ಗ್ರೀಸು ತಾತ್ಕಾಲಿಕ, ಬೂಟನ್ನೇ ವಾರಂಟಿಯಲ್ಲಿ ಬದಲಿಸಿಕೊಡಿ. ಸರ್ವಿಸ್ ಪಟ್ಟಿಯಲ್ಲಿ ‘ಆಪ್ ನವೀಕರಣ’ ಎಂಬ ಸಾಲಿನ ಕೆಳಗೆ ‘ಸ್ಟೇರಿಂಗ್ ಬೂಟು ಒರೆಸುವುದು’ ಎಂದು ಇನ್ನೊಂದು ಸಾಲು ಸೇರಿಸಿ, ಅದನ್ನು ರಾಯಚೂರಿಗಷ್ಟೇ ಕಡ್ಡಾಯ ಮಾಡಿದರೂ ಸಾಕು. ದೂರು ಬಂದಾಗ ಮೊದಲು ಒಬ್ಬ ಮನುಷ್ಯ ಗಾಡಿಯೊಳಗೆ ಕೂತು ಸ್ಟೇರಿಂಗ್ ತಿರುಗಿಸಲಿ, ಲ್ಯಾಪ್‌ಟಾಪ್ ಆಮೇಲೆ ಬರಲಿ.

ಇಂತಿ ನಿಮ್ಮ,
ಸಹಜ ಗುಣದ ಗ್ರಾಹಕ

ತಾ.ಕ.: ಮಳೆಗಾಲದಲ್ಲಿ ರಬ್ಬರು ತೇವ ಹಿಡಿದು ಇಂಥ ಸದ್ದು ತಾನಾಗಿ ತಗ್ಗುವುದುಂಟು. ಆಗ ‘ನಮ್ಮ ಅಪ್‌ಡೇಟ್ ಫಲ ಕೊಟ್ಟಿದೆ, ಐದು ಸ್ಟಾರ್ ಕೊಡಿ’ ಎಂದು ದಯವಿಟ್ಟು ಮೆಸೇಜ್ ಹಾಕಬೇಡಿ.