ಸೋಗಾನೆಗೆ ಎಷ್ಟು ದೂರ?

ಸೋಗಾನೆ ಎಷ್ಟು ದೂರ ಎಂದು ಶಿವಮೊಗ್ಗದ ಹಿರಿಯರೊಬ್ಬರನ್ನು ಕೇಳಿ ನೋಡಿ. "ಇಲ್ಲೇ ಮಾರಾಯ, ಒಂದು ಕವಳ ಹಾಕಿ ಮುಗಿಸೋದ್ರೊಳಗೆ ಮುಟ್ತೀಯ" ಅಂತಾರೆ. ಮೊಬೈಲ್ ನಕ್ಷೆ ಹಾಗಲ್ಲ. ದಶಮಾಂಶವಿಲ್ಲದೆ ಬಾಯಿಯೇ ಬಿಡದು.

2023ರ ಫೆಬ್ರವರಿ 27ರಂದು ಇದೇ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ರನ್‌ವೇ ಉದ್ದ 3,200 ಮೀಟರ್. ವಿಮಾನಕ್ಕೆ ಅಂಥ ಲೆಕ್ಕ ಬೇಕೇ ಬೇಕು. "ಮೂರೋ ನಾಲ್ಕೋ ಕಿಲೋಮೀಟರ್ ಇರಬಹುದು, ಇಳೀರಿ ಸ್ವಾಮಿ" ಎಂದರೆ ಪೈಲಟ್ ಒಪ್ಪುತ್ತಾರೆಯೇ?

ಆದರೆ ನೆಂಟರನ್ನು ಕರೆತರಲು ಹೊರಟ ನಮಗೆ ಅಕ್ಷಾಂಶದ ಆರನೇ ದಶಮಾಂಶ ಯಾಕೆ? ಅದು ಸುಮಾರು 11 ಸೆಂಟಿಮೀಟರಿನ ಲೆಕ್ಕ. ಫೋನಿನ ಜಿಪಿಎಸ್ಸೋ, ಬಟಾಬಯಲಲ್ಲೇ ಐದಾರು ಮೀಟರ್ ಆಚೀಚೆ. ಅಡಿಕೆ ತೋಟ ಹೊಕ್ಕರೆ ದೇವರೇ ಗತಿ. ಅಂದರೆ ಕಾರು ಎಲ್ಲಿದೆ ಎಂದು ಗೇಣಿನ ಲೆಕ್ಕದಲ್ಲಿ ಹೇಳುತ್ತದೆ, ತಪ್ಪುವುದು ಮಾತ್ರ ಮಾರುಗಟ್ಟಲೆ!

ಮೇಲಾಗಿ, ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಒಂದು ದೂರ, ರಸ್ತೆ ಹಿಡಿದರೆ ಇನ್ನೊಂದು. ಗೆರೆಗೆ ತಿರುವಿಲ್ಲ, ಸಿಗ್ನಲ್ಲಿಲ್ಲ, ಎಮ್ಮೆಯೂ ಅಡ್ಡ ಬರುವುದಿಲ್ಲ.

ಆದ್ದರಿಂದ ವಿಮಾನ ಹಿಡಿಯುವವರಲ್ಲಿ ಒಂದು ವಿನಂತಿ: ದಶಮಾಂಶ ನಕ್ಷೆಗಿರಲಿ, ನೀವು ಅರ್ಧ ಗಂಟೆ ಮೊದಲೇ ಹೊರಡಿ.