ಎಫ್ ನೈನ್ ಭಾವ

ನಮ್ಮ ಭಾವನನ್ನು "ಕಾಫಿಯೋ, ಟೀಯೋ?" ಎಂದು ಕೇಳಬಾರದು. ಲ್ಯಾಪ್‌ಟಾಪ್ ತೆರೆದುಬಿಡುತ್ತಾರೆ. ಮನೆ ಸಾಲ, ಹಳೇ ಕಾರು, ತೋಟದ ಬೋರ್‌ವೆಲ್ ಎಲ್ಲಕ್ಕೂ ಅವರಲ್ಲಿ ಒಂದೇ ಮದ್ದು: ಎಕ್ಸೆಲ್‌ನಲ್ಲಿ ಮಾಂಟೆ ಕಾರ್ಲೊ. ಕಡಿಮೆ ಅಂದರೆ ಎಷ್ಟು, ಹೆಚ್ಚೆಂದರೆ ಎಷ್ಟು ಎಂದು ಕೇಳಿ, 10,000 ಸಾಲಿಗೆ ರ‍್ಯಾಂಡ್ ಫಾರ್ಮುಲಾ ಎಳೆದು ಎಫ್ 9 ಒತ್ತುತ್ತಾರೆ. ಅಂಕಿಗಳೆಲ್ಲ ಮೈಕೊಡವಿ ಹೊಸದಾಗುತ್ತವೆ. "ಸರಾಸರಿ ನಂಬಿ ಕೆಟ್ಟವರೇ ಹೆಚ್ಚು ಕಣಯ್ಯಾ." ಮಾತು ನಿಜ, ನನಗೆ ಸಿಟ್ಟು ಬರುವುದೂ ಅದಕ್ಕೇ.

ಆಮೇಲೆ ಕಥೆ. 1946ರಲ್ಲಿ ಉಲಾಮ್ ಎಂಬ ಗಣಿತಜ್ಞ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಒಬ್ಬನೇ ಇಸ್ಪೀಟಾಡುವಾಗ ಇದು ಹೊಳೆಯಿತಂತೆ. ಅವನ ನೆಂಟನೊಬ್ಬ ಸಾಲ ಎತ್ತಿ ಜೂಜಿಗೆ ಹೋಗುತ್ತಿದ್ದ ಊರಿನ ಹೆಸರನ್ನೇ ಇಟ್ಟರಂತೆ. "ನೆಂಟನ ಬುದ್ಧಿ ಇವರಿಗೆ ಬಂದಿದೆ" ಎಂದು ಒಳಗಿನಿಂದ ಅಕ್ಕ.

ಭಾವನ ಮಗಳ ಆರತಕ್ಷತೆ ಬೆಂಗಳೂರಲ್ಲಿ, ಮೇ ತಿಂಗಳ ಸಂಜೆ. ಅಡಿಗೆ ಭಟ್ಟರು "ಎಷ್ಟು ಎಲೆ?" ಎಂದರು. 300 ಲಗ್ನಪತ್ರಿಕೆ, ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕು ಜನ. ಎಫ್ 9. "600. ನೂರಕ್ಕೆ ತೊಂಬತ್ತು ಸಲ 560ರಿಂದ 640ರೊಳಗೆ." ಭಟ್ಟರು ಗ್ರಾಫನ್ನೂ ಆಕಾಶವನ್ನೂ ನೋಡಿ, "ಮಳೆ ಬಂದರೆ?" ಎಂದರು. "ಬರೋರು ಬರ್ತಾರೆ, ಬಿಡೋರು ಬಿಡ್ತಾರೆ, ಒಟ್ಟು ಸರಿಹೋಗುತ್ತೆ." ಗ್ರಾಫು ಅಂದವಾಗಿತ್ತು. ಸೋದರಮಾವನಾದ ನಾನೂ ತಲೆಯಾಡಿಸಿದೆ.

ಮಳೆ ಬಂತು. ಹಾಲಿನ ಅರ್ಧ ಕುರ್ಚಿ ಖಾಲಿ. ರಾತ್ರಿ ಹೋಳಿಗೆ ಗುಡ್ಡದ ಮುಂದೆ ಭಟ್ಟರು, "ಮಳೆ ಒಬ್ಬರನ್ನ ಬಿಟ್ಟು ಒಬ್ಬರನ್ನ ತಡೆಯುತ್ತಾ ಸ್ವಾಮಿ? ನಿಂತರೆ ಎಲ್ಲಾ ಒಟ್ಟಿಗೇ ನಿಲ್ಲೋದು" ಎಂದರು. ಬೇರೆಯವರಾಗಿದ್ದರೆ ತಲೆತಗ್ಗಿಸುತ್ತಿದ್ದರು. ಭಾವನ ಮುಖ ಅರಳಿತು. "ಕೋರಿಲೇಶನ್! ಪ್ರತಿ ಮನೆಗೂ ಬೇರೆ ಬೇರೆ ದಾಳ ಹಾಕಿಬಿಟ್ಟೆ. ಮಳೆಗೆ ಎಲ್ಲರಿಗೂ ಸೇರಿ ಒಂದೇ ದಾಳ ಹಾಕಬೇಕಿತ್ತು!" ಅಲ್ಲೇ ಊಟದ ಟೇಬಲ್ ಒರೆಸಿ ಹೊಸ ಕಾಲಂ ಸೇರಿಸಿದರು. ಹೋಳಿಗೆ ಹಂಚಲು ಬೀದಿ ಬೀದಿ ಅಲೆದವನು ನಾನು.

ಬೈಯೋಣವೆಂದರೆ ಬಾಯಿ ಬರುವುದಿಲ್ಲ. ಅವರಪ್ಪ ನೀರು ಸಿಕ್ಕೇ ಸಿಗುತ್ತದೆಂದು ಬೋರಿನ ಮೇಲೆ ಬೋರು ಕೊರೆಸಿ ಸಾಲದಲ್ಲೇ ಹೋದವರು. "ಸಿಗದಿದ್ದರೆ?" ಎಂದು ಆ ಮನೆಯಲ್ಲಿ ಕೇಳುವವರಿರಲಿಲ್ಲ. ಈಗ ಇವರು ಎಲ್ಲರ ಪರವಾಗಿಯೂ ಕೇಳುತ್ತಾರೆ.

ಮೊನ್ನೆ ಅಳಿಯನಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿತು. ಮಗಳು ಹೋದರೆ ಒಳ್ಳೆಯದೋ, ಇದ್ದರೋ? ಶೇಕಡ 50. ಎಫ್ 9. ಶೇಕಡ 51. ಮತ್ತೆ ಎಫ್ 9. ಶೇಕಡ 50. ಯಾವ ಅಂಕಿಗಾಗಿ ಕಾಯುತ್ತಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಹೂಬತ್ತಿ ಹೊಸೆಯುತ್ತಿದ್ದ ನಮ್ಮಮ್ಮ, "ಅಳಿಯಂದಿರೇ, ನಾವು ದೇವರ ಹತ್ತಿರ ಹೂ ಕೇಳೋದು ಒಂದೇ ಸಲ. ಬಲಕ್ಕೆ ಬೀಳೋ ತನಕ ಕೇಳ್ತಾ ಕೂರೋದಿಲ್ಲ" ಎಂದರು.

"ಒಂದೇ ಸಲವಾ? ಸ್ಯಾಂಪಲ್ ಸಾಲದು ಅತ್ತೆ" ಎನ್ನುತ್ತ ಭಾವ ಮತ್ತೆ ಒತ್ತಿದರು.