ಸಿ.ಐ.ಡಿ. 999 ಇಳಿದ ಸ್ಟಾಪ್ ಯಾವುದು?

“ಮೇಷ್ಟ್ರೇ, ಚರಂಡಿ ನೋಡೋಕೆ ಟಿಕೆಟ್ಟು ಅಂದ್ರೆ ನಂಬ್ತೀರಾ?”

ಬೇಲಿಯಾಚೆಯಿಂದ ಕಂಡಕ್ಟರಣ್ಣನ ದನಿ. ರಿಟೈರಾಗಿ ಎಷ್ಟೋ ವರ್ಷವಾದರೂ ಧರ್ಮಪುರದಲ್ಲಿ ಅವರ ಹೆಸರು ಅದೇ. ಸಂಜೆ ಬಿಸಿಲು ತಗ್ಗಿದ ಮೇಲೆ ಬೇಲಿಗೆ ಕೈಯೂರಿ ನಿಂತರೆ ಕೆರೆ ನೀರು, ಶೇಂಗಾ ರೇಟು, ಬಾರದ ಬಸ್ಸು, ಎಲ್ಲಾ ಆಗಿಯೇ ಹೋಗುತ್ತದೆ. ಅವತ್ತು ಮಾತ್ರ ಮಾತು ನೇರ ಯುರೋಪಿಗೆ ಹಾರಿತು.

ಅವರ ಮಗಳು, ಅಳಿಯ ಇರುವುದು ಜರ್ಮನಿಯಲ್ಲಿ. ಇಬ್ಬರಿಗೂ ಒಂದೇ ಗೀಳು. ರಜೆ ಸಿಕ್ಕಿತೆಂದರೆ ಗೂಢಚಾರರ ಸಿನಿಮಾ ಎಲ್ಲೆಲ್ಲಿ ತೆಗೆದರೋ ಆ ಜಾಗ ಹುಡುಕಿಕೊಂಡು ಹೊರಟುಬಿಡುತ್ತಾರೆ. ಈ ಸಲ ಹೋದದ್ದು ವಿಯೆನ್ನಾಕ್ಕೆ. 1949ರಲ್ಲಿ ಬಂದ ‘ದಿ ಥರ್ಡ್ ಮ್ಯಾನ್’ ಆ ಊರಿನದು. ಮಹಾಯುದ್ಧ ಮುಗಿದು, ಗೆದ್ದ ನಾಲ್ಕು ದೇಶಗಳ ಸೈನ್ಯ ಊರನ್ನು ಹಂಚಿಕೊಂಡು ಕೂತಿದ್ದ ಕಾಲದ ಕಥೆ. ಕೊನೆಯಲ್ಲಿ ಆರ್ಸನ್ ವೆಲ್ಸ್ ಪೊಲೀಸರಿಂದ ತಪ್ಪಿಸಿಕೊಳ್ಳಲು ನೆಲದಡಿಯ ದೊಡ್ಡ ಚರಂಡಿಯೊಳಗೆ ಓಡುತ್ತಾನೆ. ಆ ಚರಂಡಿಯನ್ನೇ ಈಗ ದುಡ್ಡು ತೆಗೆದುಕೊಂಡು, ತಲೆಗೆ ಹೆಲ್ಮೆಟ್ಟು ಹಾಕಿಸಿ ತೋರಿಸುತ್ತಾರೆ.

“ನಮ್ಮ ಬೀದಿ ಚರಂಡಿ ಉಕ್ಕಿದಾಗ ಪುಕ್ಕಟೆ ನೋಡಾಕೂ ಒಬ್ಬ ಬರಲಿಲ್ಲ,” ಎಂದು ನಿಟ್ಟುಸಿರು ಬಿಟ್ಟರು.

“ಆ ಚರಂಡೀಲಿ ಯಾರಾದರೂ ಹೀರೋ ಓಡಬೇಕಿತ್ತು, ಕಂಡಕ್ಟರಣ್ಣ.”

ಮಗಳು ಕಳಿಸಿದ ಇನ್ನೊಂದು ಫೋಟೋ ಮೊಬೈಲಿನಲ್ಲಿತ್ತು. ಭಾರಿ ಬಿಳಿ ಹೋಟೆಲಿನ ಮುಂದೆ ಅಳಿಯ ಕೈಕಟ್ಟಿ ನಿಂತಿದ್ದಾನೆ. ಊರು ಚೆಕ್ ದೇಶದ ಕಾರ್ಲೋವಿ ವಾರಿ, ಹೋಟೆಲ್ ಪುಪ್. 2006ರ ‘ಕ್ಯಾಸಿನೋ ರಾಯಲ್’ನಲ್ಲಿ ಜೇಮ್ಸ್ ಬಾಂಡ್ ಇಸ್ಪೀಟು ಆಡಲು ಬಂದು ಇಳಿದುಕೊಳ್ಳುವುದು ಇದರಲ್ಲೇ. ಆದರೆ ಚಿತ್ರದಲ್ಲಿ ಅದು ಚೆಕ್ ದೇಶ ಅಲ್ಲ, ಮಾಂಟೆನೆಗ್ರೋ! ಸಿನಿಮಾ ನಂಬಿ ಮಾಂಟೆನೆಗ್ರೋಗೆ ಟಿಕೆಟ್ ತೆಗೆಸಿದವನಿಗೆ ಹೋಟೆಲೂ ಇಲ್ಲ, ಇಸ್ಪೀಟೂ ಇಲ್ಲ.

ಕಂಡಕ್ಟರಣ್ಣನಿಗೆ ಇದು ಸರಿಬರಲಿಲ್ಲ. ಬೋರ್ಡಿನ ಮೇಲೆ ಒಂದೂರ ಹೆಸರು ಹಾಕಿ ಇನ್ನೊಂದೂರಿಗೆ ಬಸ್ಸು ಬಿಟ್ಟರೆ ಪ್ಯಾಸೆಂಜರು ಸುಮ್ಮನಿರುತ್ತಾರೆಯೇ? ಅವರನ್ನು ಇನ್ನಷ್ಟು ಕೆಣಕೋಣ ಎಂದು ‘ಆಕ್ಟೋಪಸಿ’ ತೆಗೆದೆ. 1983ರ ಬಾಂಡ್ ಚಿತ್ರ, ರೋಜರ್ ಮೂರ್‌ದು. ಬಾಂಡ್ ಭಾರತಕ್ಕೆ ಬಂದ ಎಂದು ತೋರಿಸಲು ತಾಜ್ ಮಹಲಿನ ಮುಂದೆ ಹೆಲಿಕಾಪ್ಟರ್ ಹಾರಿಸುತ್ತಾರೆ. ಅದರ ಬೆನ್ನಿಗೇ ಅವನು ಉದಯಪುರದಲ್ಲಿ! ಅಲ್ಲೊಬ್ಬ ಹಾವಾಡಿಗ, ಅವನ ಪುಂಗಿಯಲ್ಲಿ ಬಾಂಡ್ ಸಿನಿಮಾದ್ದೇ ಟ್ಯೂನು.

“ಆಗ್ರಾದಿಂದ ಉದಯಪುರ ಎಷ್ಟು ಕಿಲೋಮೀಟ್ರು?”

“ಆರುನೂರಕ್ಕೂ ಮೇಲೆ.”

“ನಡುವೆ ಊಟಕ್ಕೂ ನಿಲ್ಲಿಸಲಿಲ್ವಾ?”

ಆದರೆ ಉದಯಪುರದವರು ಜಾಣರು. ಅವರು ಸಿಟ್ಟಾಗಲಿಲ್ಲ, ಅಂಗಡಿ ತೆಗೆದರು. ಚಿತ್ರದಲ್ಲಿ ಬಾಂಡ್ ತಂಗಿದ ಶಿವನಿವಾಸ ಅರಮನೆ ಹೋಟೆಲೇ ಆಗಿದೆ. ಖಳನಾಯಕ ಕಮಾಲ್ ಖಾನನ ಕೋಟೆ ಬೆಟ್ಟದ ಮೇಲಿನ ಸಜ್ಜನಗಢ. ಪಿಚೋಲಾ ಕೆರೆಯ ನಡುವಿನ ಅರಮನೆಗಳು ನಾಯಕಿಯವು. ಅಲ್ಲಿನ ಹೋಟೆಲುಗಳು ಪ್ರವಾಸಿಗರಿಗೆ ವರ್ಷಾನುಗಟ್ಟಲೆ ಸಂಜೆ ಸಂಜೆ ಅದೇ ಸಿನಿಮಾ ಹಾಕಿ ತೋರಿಸಿದವು. ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ಆಟೋದಲ್ಲಿ ಬಾಂಡನನ್ನು ಕೂರಿಸಿಕೊಂಡು ಓಡಿಸಿ, ಅಡ್ಡ ಬಂದವರಿಗೆ ಟೆನಿಸ್ ಬ್ಯಾಟಿನಿಂದ ಬಾರಿಸಿದ್ದು ಆ ಊರಿನ ಬೀದಿಗಳ ಹೆಸರಲ್ಲೇ.

ಇಷ್ಟು ಹೊತ್ತಿಗೆ ಕಂಡಕ್ಟರಣ್ಣನಿಗೆ ಸ್ವಾಭಿಮಾನ ಕೆರಳಿತ್ತು. “ಅವರ ಬಾಂಡ್ ಇರಲಿ ಮೇಷ್ಟ್ರೇ. ನಮ್ಮ ಸಿ.ಐ.ಡಿ. 999 ಓಡಾಡಿದ ಜಾಗ ಎಲ್ಲೈತೆ ಹೇಳಿ. ನಾನು ಹೋಗಿ ಫೋಟೋ ತೆಗೆಸ್ಕೊಂಡು ಮಗಳಿಗೆ ಕಳಿಸ್ತೀನಿ.”

ರಾಜಕುಮಾರ್ ಚಿತ್ರಗಳ ವಿಷಯದಲ್ಲಿ ಅವರ ಹತ್ತಿರ ಹುಷಾರಾಗಿ ಮಾತಾಡಬೇಕು. ದೊರೆ-ಭಗವಾನ್ ಜೋಡಿ 1968ರಲ್ಲಿ ‘ಜೇಡರ ಬಲೆ’ ತೆಗೆದು ಕನ್ನಡಕ್ಕೆ ಬಾಂಡ್ ಮಾದರಿಯ ನಾಯಕನನ್ನು ಕೊಟ್ಟರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’. ಹಿಂದಿಗೆ ಹೋಗಿ ಹೆಸರು ಮಾಡುವ ಮುಂಚೆ ರೇಖಾ ನಾಯಕಿಯಾದದ್ದು ಈ ಮೂರನೆಯದರಲ್ಲಿ. ಆಮೇಲೆ ಬಿಡುವು ಕೊಟ್ಟು 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’, ರಾಜಕುಮಾರ್ ಇಂಗ್ಲಿಷಿನಲ್ಲಿ ಹಾಡಿದ ಚಿತ್ರ. ಹೋಬಳಿ ಊರಿನ ಟೆಂಟಿನಲ್ಲಿ ನೆಲದ ಮೇಲೆ ಕೂತು ನೋಡಿದವರಿಗೆ ಇಂಗ್ಲಿಷ್ ಎಷ್ಟು ತಿಳಿಯಿತೋ, ಸೀಟಿಗಂತೂ ಕಡಿಮೆ ಇರಲಿಲ್ಲ. ಆ ಹಾಡನ್ನು ಈಗಿನ ಹುಡುಗರೂ ಬಿಟ್ಟಿಲ್ಲ.

“ಅದು ಕಠ್ಮಂಡುವಿನಲ್ಲಿ ತೆಗೆದದ್ದು. ನೇಪಾಳಕ್ಕೆ ಹೋಗ್ತೀರಾ?”

“ಮಂಡಿ ಕೇಳಬೇಕಲ್ಲ. ಹತ್ತಿರದ್ದು ಹೇಳಿ.”

ಹತ್ತಿರದ್ದು ಹೇಳುವುದೇ ಕಷ್ಟ. ಆ ಕಾಲದ ಕನ್ನಡ ಚಿತ್ರಗಳ ಸಂಸಾರ ಬಹುಪಾಲು ಮದ್ರಾಸಿನಲ್ಲಿತ್ತು. ಕಳ್ಳರ ಗುಹೆ, ತಂತಾನೇ ತೆರೆಯುವ ಬಾಗಿಲು, ಕೆಂಪು ದೀಪ ಮಿಣುಕುವ ಯಂತ್ರ, ಇವೆಲ್ಲ ಎದ್ದದ್ದು ಸ್ಟುಡಿಯೋ ಫ್ಲೋರಿನ ಮೇಲೆ, ಪ್ಲೈವುಡ್ಡು ಬಣ್ಣಗಳಲ್ಲಿ. ಶೂಟಿಂಗ್ ಮುಗಿದ ಮಾರನೇ ದಿನ ಅದೇ ಹಲಗೆ ಬಿಚ್ಚಿ ಇನ್ನೊಂದು ಚಿತ್ರದ ದೇವಸ್ಥಾನ ಕಟ್ಟುತ್ತಿದ್ದರು. ಈಗ ಆ ಸ್ಟುಡಿಯೋಗಳಾದರೂ ಉಳಿದಿವೆಯೇ? ವಡಪಳನಿಯ ವಿಜಯ ವಾಹಿನಿ ಇದ್ದ ಕಡೆ ಆಸ್ಪತ್ರೆ ಇದೆ, ಮಾಲ್ ಇದೆ. ಮೈಸೂರಿನ ಪ್ರೀಮಿಯರ್ ಸ್ಟುಡಿಯೋ 1989ರ ಬೆಂಕಿಯಲ್ಲಿ ಸುಟ್ಟಿತು. ‘ಟಿಪ್ಪುಸುಲ್ತಾನನ ಖಡ್ಗ’ ಧಾರಾವಾಹಿಯ ಚಿತ್ರೀಕರಣದಲ್ಲಿದ್ದ ಹಲವರು ಅಲ್ಲೇ ಸತ್ತರು. ಹುಡುಕಿಕೊಂಡು ಹೋದವನಿಗೆ ಸಿಗುವುದು ಕಾರ್ ಪಾರ್ಕಿಂಗು.

ಪತ್ತೇದಾರಿ ಚಿತ್ರದಲ್ಲಿ ವೇಷ ಹಾಕುವವನು ನಾಯಕನೊಬ್ಬನೇ ಅಲ್ಲ, ಊರೂ ಹಾಕುತ್ತದೆ. ಅದಕ್ಕೇ ಈ ಪ್ರವಾಸಗಳ ಬಗ್ಗೆ ನನಗೆ ಅನುಮಾನ. ವೇಷ ಕಳಚಿದ ಊರಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬರುವುದರಲ್ಲಿ ಏನಿದೆ? ಇದನ್ನು ಹೇಳಿದೆ. ಕಂಡಕ್ಟರಣ್ಣ ಒಪ್ಪಲಿಲ್ಲ.

“ಹಂಗಾದ್ರೆ ದುರ್ಗಕ್ಕೆ ಯಾಕ್ ಬರ್ತಾರೆ ಜನ? ‘ನಾಗರಹಾವು’ ನೋಡ್ಕೊಂಡೇ ತಾನೇ?”

ಇದಕ್ಕೆ ನನ್ನ ಬಾಯಿ ಕಟ್ಟಿತು, ಯಾಕೆಂದರೆ ಮಾತು ಸತ್ಯ. 1972ರಲ್ಲಿ ಪುಟ್ಟಣ್ಣ ಕಣಗಾಲ್ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಹೆಣೆದು ಈ ಚಿತ್ರ ಮಾಡಿದರು. ವಿಷ್ಣುವರ್ಧನ್ ನಾಯಕರಾದರು, ಅಂಬರೀಷ್ ಮೊದಲ ಸಲ ತೆರೆಗೆ ಬಂದರು. ಚಿತ್ರದುರ್ಗದ ಕೋಟೆ ಅದರಲ್ಲಿ ಚಿತ್ರದುರ್ಗದ ಕೋಟೆಯೇ. ಬೇರೆ ಊರಿನ ಹೆಸರು ಇಟ್ಟುಕೊಂಡಿಲ್ಲ. ಬಂಡೆಗಳ ನಡುವೆ ನಿಧಾನಗತಿಯಲ್ಲಿ ತೆಗೆದ ಆ ಪ್ರೇಮಗೀತೆಯ ಜಾಗದಲ್ಲಿ ಇವತ್ತಿಗೂ ಹುಡುಗರು ಬೇಕಂತಲೇ ತೇಲಾಡಿಕೊಂಡು ಓಡುತ್ತಾರೆ, ಗೆಳೆಯ ಮೊಬೈಲು ಹಿಡಿದು ನಿಂತಿರುತ್ತಾನೆ.

ಗೂಢಚಾರಿಕೆಯೇ ಬೇಕು ಎಂದರೂ ದುರ್ಗದಲ್ಲಿ ಇದೆ. ಹೈದರಾಲಿ ಮುತ್ತಿಗೆ ಹಾಕಿ ಕೂತಿದ್ದಾನೆ, ಏಳು ಸುತ್ತಿನ ಕೋಟೆಗೆ ದಾರಿ ಸಿಗುತ್ತಿಲ್ಲ. ಮೊಸರು ಮಾರುವ ಹೆಂಗಸೊಬ್ಬಳು ಬಂಡೆಯ ಸಂದಿನಿಂದ ಹೊರಗೆ ಬಂದದ್ದನ್ನು ಅವನ ಕಡೆಯವರು ಹೊಂಚಿ ನೋಡಿದರು ಎನ್ನುತ್ತದೆ ಐತಿಹ್ಯ. ಅದೇ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳಿದರು. ಕಾವಲುಗಾರ ಮುದ್ದಹನುಮ ಊಟಕ್ಕೆ ಹೋಗಿದ್ದ. ನೀರಿಗೆಂದು ಬಂದ ಅವನ ಹೆಂಡತಿ ಓಬವ್ವ ಒನಕೆ ಎತ್ತಿಕೊಂಡಳು. ‘ನಾಗರಹಾವು’ ಚಿತ್ರದ ಹಾಡಿನಲ್ಲಿ ಓಬವ್ವ ಆದವರು ಜಯಂತಿ.

“ಜಯಂತಿ ‘ಜೇಡರ ಬಲೆ’ಯಲ್ಲೂ ಇದ್ರು,” ಎಂದರು ಕಂಡಕ್ಟರಣ್ಣ ತಟ್ಟನೆ. “ಅಂದ್ರೆ ಸಿ.ಐ.ಡಿ. ಜೊತೆ ಇದ್ದೋರೇ ನಾಲ್ಕು ವರ್ಷ ಬಿಟ್ಟು ಗೂಢಚಾರರನ್ನ ಸಾಲಾಗಿ ಮಲಗಿಸಿದ್ರು!”

ಈ ಸಂಬಂಧ ನನಗೆ ಹೊಳೆದಿರಲಿಲ್ಲ. ಕಂಡಕ್ಟರಿಕೆ ಮಾಡಿದವರು ಯಾರು ಎಲ್ಲಿ ಹತ್ತಿದರು, ಎಲ್ಲಿ ಇಳಿದರು ಎಂಬುದನ್ನು ಮರೆಯುವುದಿಲ್ಲ.

ಕೊನೆಗೆ ನೇಪಾಳ ಬಿಟ್ಟು, ಗೋವಾ ಬಿಟ್ಟು, ಭಾನುವಾರ ದುರ್ಗ ಎಂದು ತೀರ್ಮಾನವಾಯಿತು. ಅಳಿಯನಂತೆಯೇ ಕೈಕಟ್ಟಿ ಕಿಂಡಿಯ ಮುಂದೆ ನಿಂತು ಒಂದು ಫೋಟೋ ಆಗಬೇಕಂತೆ, ನಾನು ತೆಗೆಯಬೇಕಂತೆ. ನೀವೂ ಧರ್ಮಪುರದ ಕಡೆಯಿಂದ ಹೋಗುವುದಾದರೆ ಹಿರಿಯೂರಿನಲ್ಲಿ ಬಸ್ಸು ಬದಲಿಸಬೇಕು ಎಂಬುದು ಲೆಕ್ಕದಲ್ಲಿರಲಿ, ಬೆಳಗಿನ ಮೊದಲ ಬಸ್ಸಿಗೇ ಹೊರಡಿ. ಕೋಟೆಗೆ ಟಿಕೆಟ್ಟು ಉಂಟು. ಕಿಂಡಿಯಲ್ಲಿ ನುಸುಳುವ ಆಸೆಯಿದ್ದರೆ ತಿಂಡಿ ಕಡಿಮೆ ತಿನ್ನಿ. ಬೇಸಿಗೆಯಾದರೆ ಹತ್ತು ಗಂಟೆ ದಾಟಿದ ಮೇಲೆ ಆ ಬಂಡೆಗಳ ಮೇಲೆ ಬರಿಗಾಲು ಇಡಲಾಗುವುದಿಲ್ಲ.